8 ಮತ್ತು 15 ಎರಡೂ ಅವಿಭಾಜ್ಯವಲ್ಲ, ಆದರೂ ಸಹ ಅವಿಭಾಜ್ಯ ಅನ್ನುತ್ತಾರಲ್ಲ, ಹೇಗೆ? ದೊಡ್ಡ ಸಂಖ್ಯೆಗಳಲ್ಲಿ ಪತ್ತೆ ಹಚ್ಚುವುದು ಹೇಗೆ?

ಅವಿಭಾಜ್ಯ ಎನ್ನುವುದು ಒಂದೇ ಸಂಖ್ಯೆಯ ಗುಣ. ಸಹ ಅವಿಭಾಜ್ಯ ಎನ್ನುವುದು ಎರಡು ಸಂಖ್ಯೆಗಳ ನಡುವಿನ ಸಂಬಂಧ. 8ರ ಅಪವರ್ತನಗಳು 1, 2, 4, 8. 15ರವು 1, 3, 5, 15. ಎರಡರಲ್ಲೂ ಇರುವುದು 1 ಮಾತ್ರ, ಅಂದರೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) 1. ಅಷ್ಟಿದ್ದರೆ ಸಾಕು. ಅದೇ 15, 9ರ ಜೊತೆ ಸೇರಿದರೆ ಸಹ ಅವಿಭಾಜ್ಯವಲ್ಲ, ಏಕೆಂದರೆ 3 ಎರಡರಲ್ಲೂ ಇದೆ.

ದೊಡ್ಡ ಸಂಖ್ಯೆಗಳಲ್ಲಿ ಎಡವುವುದು ಹೀಗೆ: 221 ಮತ್ತು 299 ಕೊಟ್ಟರೆ 2, 3, 5, 7, 11ರಿಂದ ಭಾಗಿಸಿ ನೋಡುತ್ತಾರೆ. ಯಾವುದರಿಂದಲೂ ಹೋಗುವುದಿಲ್ಲ, ಅಲ್ಲಿಗೇ ನಿಲ್ಲಿಸಿ ‘ಸಹ ಅವಿಭಾಜ್ಯ’ ಎಂದು ಬರೆದುಬಿಡುತ್ತಾರೆ. ತಪ್ಪು. ಅಪವರ್ತನ ಹುಡುಕುವ ಗೋಜಿಗೇ ಹೋಗಬೇಡಿ, ಶೇಷವನ್ನು ಹಿಡಿದು ಹೋಗಿ ಎಂಬುದು ನನ್ನ ಸಲಹೆ:

299 ÷ 221, ಶೇಷ 78
221 ÷ 78, ಶೇಷ 65
78 ÷ 65, ಶೇಷ 13
65 ÷ 13, ಶೇಷ 0

ಶೇಷ 0 ಬಂದ ಸಾಲಿನ ಭಾಜಕ 13, ಅದೇ ಮ.ಸಾ.ಅ. (221 = 13 × 17, 299 = 13 × 23). ಆ ಜಾಗದಲ್ಲಿ 1 ಬಂದಿದ್ದರೆ ಮಾತ್ರ ಸಹ ಅವಿಭಾಜ್ಯ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಹೇಳಿದ ಈ ಕ್ರಮವೇ ಕ್ರಿ.ಶ. 499ರ ಆರ್ಯಭಟೀಯ ಗ್ರಂಥದ ಕುಟ್ಟಕದ (ಸಮೀಕರಣಗಳಿಗೆ ಪೂರ್ಣಾಂಕ ಉತ್ತರ ಹುಡುಕುವ ವಿಧಾನ) ಒಳಗೂ ಇದೆ.

ಇದು ಏಕೆ ಸರಿ? ಎರಡು ಸಂಖ್ಯೆಗಳನ್ನೂ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಶೇಷ ಎಂದರೆ ಮತ್ತೆ ಮತ್ತೆ ಕಳೆದು ಉಳಿದದ್ದೇ ತಾನೆ. ಇದೊಂದು ಮನಸ್ಸಿಗೆ ಹತ್ತಿದರೆ ಇನ್ನೂ ಎಷ್ಟೋ ಸಂಗತಿ ಲೆಕ್ಕವಿಲ್ಲದೆಯೇ ಕಾಣುತ್ತವೆ. 98, 99ರಂಥ ಅನುಕ್ರಮ ಸಂಖ್ಯೆಗಳ ವ್ಯತ್ಯಾಸ 1, ಹಾಗಾಗಿ ಅವು ಯಾವಾಗಲೂ ಸಹ ಅವಿಭಾಜ್ಯ. 35, 37ರಂಥ ಅನುಕ್ರಮ ಬೆಸಸಂಖ್ಯೆಗಳೂ ಅಷ್ಟೇ: ವ್ಯತ್ಯಾಸ 2, ಆದರೆ 2 ಬೆಸಸಂಖ್ಯೆಯನ್ನು ಭಾಗಿಸದು. ಎರಡೂ ಬೆಸ ಎಂದ ಮಾತ್ರಕ್ಕೆ ನಂಬಬೇಡಿ. 15, 21ರಲ್ಲಿ 3 ಕೂತಿದೆ.

ಬಳಕೆಯಲ್ಲಿ ಎಚ್ಚರ ಬೇಕಾದದ್ದು ಭಾಜ್ಯತೆಯ ನಿಯಮದಲ್ಲಿ. 12ರಿಂದ ಭಾಗವಾಗುತ್ತದೆಯೇ ಎಂದು ನೋಡಲು 3 ಮತ್ತು 4ರಿಂದ ಪರೀಕ್ಷಿಸಿ, 2 ಮತ್ತು 6ರಿಂದ ಅಲ್ಲ; 3, 4 ಸಹ ಅವಿಭಾಜ್ಯ, 2, 6 ಅಲ್ಲ. 18 ಎರಡರಿಂದಲೂ ಆರರಿಂದಲೂ ಹೋಗುತ್ತದೆ, 12ರಿಂದ ಹೋಗುವುದಿಲ್ಲ. ಲ.ಸಾ.ಅ.ಗೂ (ಲಘುತ್ತಮ ಸಾಮಾನ್ಯ ಅಪವರ್ತ್ಯ, ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಇದೇ ಮಾತು: 8, 15ಕ್ಕೆ ಗುಣಿಸಿದರೆ ಸಾಕು, 120. 8, 12ಕ್ಕೆ ಗುಣಿಸಿ 96 ಎಂದರೆ ತಪ್ಪು, ಉತ್ತರ 24.

ಮೂರು ಸಂಖ್ಯೆ ಕೊಟ್ಟಾಗ ಪ್ರಶ್ನೆಯನ್ನು ಎರಡು ಸಲ ಓದಿ. 6, 10, 15ರ ಮೂರಕ್ಕೂ ಸೇರಿ ಮ.ಸಾ.ಅ. 1, ಆದರೆ ಜೋಡಿಯಾಗಿ ತೆಗೆದುಕೊಂಡರೆ 2, 3, 5 ಒಂದೊಂದು ಜೋಡಿಯಲ್ಲಿ ಸಿಗುತ್ತವೆ, ಹಾಗಾಗಿ ಯಾವ ಜೋಡಿಯೂ ಸಹ ಅವಿಭಾಜ್ಯವಲ್ಲ.