ಹಿಸ್ಟರಿ ತಗೊಂಡು ಮಗಳು ಏನ್ ಮಾಡ್ತಾಳೆ?

ಪ್ರಶ್ನೆ: ನಮ್ದು ಮದ್ದೂರು ತಾಲ್ಲೂಕು, ಬೇಸಾಯ. ಮಗಳು ಸೆಕೆಂಡ್ ಪಿಯುಸಿ ಆರ್ಟ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗ್ದವ್ಳೆ. ಮೈಸೂರಲ್ಲಿ ಹಾಸ್ಟೆಲ್‌ಲಿದ್ದು ಬಿಎ ಹಿಸ್ಟರಿ ಓದ್ತೀನಿ, ಆಮೇಲೆ ಮೈಸೂರು ಯೂನಿವರ್ಸಿಟಿ ಗಂಗೋತ್ರೀಲಿ ಎಂಎ ಮಾಡ್ತೀನಿ ಅಂತ ಹಟ ಹಿಡ್ದವ್ಳೆ. ಬಿಕಾಂ ತಗೋ ಅಂದ್ರೆ ಊಟ ಬಿಡ್ತಾಳೆ. ಸತ್ತೋದ ರಾಜ್ರ ಕತೆ ಓದಿದ್ರೆ ಏನ್ ಸಿಕ್ತದೆ? ಈ ಮಕ್ಳು ಯಾಕೆ ಇದ್ನೇ ತಗೋತವೆ? ಒಸಿ ಬುಡ್ಸಿ ಹೇಳಿ.
– ಒಬ್ಬ ತಂದೆ, ಮದ್ದೂರು ತಾಲ್ಲೂಕು

ಉತ್ತರ: ಯಜಮಾನ್ರೇ, ಕಬ್ಬಿನ ದುಡ್ಡು ಯಾವಾಗ ಕೈಗೆ ಬರುತ್ತೋ ಗೊತ್ತಿಲ್ದೆ ಹಾಸ್ಟೆಲ್ ಫೀಸ್ ಕಟ್ಟೋರಿಗೆ ಕೆಲಸದ ಚಿಂತೆ ಬರ್ಲೇಬೇಕು, ಹಂಗಾಗಿ ಅದನ್ನೇ ಮೊದ್ಲು ಹೇಳ್ಬಿಡ್ತೀನಿ. ಬಿಎ ಆದ್ಮೇಲೆ ಬಿಎಡ್ ಮಾಡಿದ್ರೆ ಹೈಸ್ಕೂಲಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗ್ಬೋದು, ಎಂಎ ಜೊತೆ ಬಿಎಡ್ ಇದ್ರೆ ಪಿಯು ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕ್ಬೋದು, ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ಬೇಕು ಅಂದ್ರೆ ಎಂಎಲಿ ಶೇ. 55 ತೆಗೆದು (ಮೀಸಲಾತಿ ಇರೋರಿಗೆ ಶೇ. 50) ನೆಟ್ ಇಲ್ಲಾ ಕೆಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸ್ ಮಾಡ್ಬೇಕು. ಯುಪಿಎಸ್‌ಸಿಗೆ ಯಾವ ಡಿಗ್ರಿ ಆದ್ರೂ ನಡೆಯುತ್ತೆ, ಮೇನ್ಸ್‌ನಲ್ಲಿ ಹಿಸ್ಟರಿಯನ್ನ ಆಪ್ಷನಲ್ ತಗೊಂಡ್ರೆ ಅದೇ 500 ಮಾರ್ಕ್ಸ್, ಜನರಲ್ ಸ್ಟಡೀಸ್‌ನಲ್ಲೂ ಅದು ಕೈ ಹಿಡಿಯುತ್ತೆ. ಪುರಾತತ್ವ, ಮ್ಯೂಸಿಯಂ, ದಾಖಲೆ ಇಲಾಖೆ ಇವೂ ಇವೆ, ಆದ್ರೆ ಪೋಸ್ಟ್ ಕಮ್ಮಿ, ಕಾಯ್ಬೇಕಾಗುತ್ತೆ. ಬಿಎ ಮುಗಿದ ವರ್ಷಾನೇ ಸಂಬಳ ಮನೆಗೆ ಬರುತ್ತೆ ಅಂತ ನಾನು ನಿಮಗೆ ಆಸೆ ತೋರ್ಸಲ್ಲ.

ಇನ್ನು ಯಾಕೆ ತಗೋತಾರೆ ಅಂತ ಕೇಳಿದ್ರಲ್ಲ. ನಾನು ಪಾಠ ಮಾಡಿದ ಕ್ಲಾಸುಗಳಲ್ಲಿ ಕೆಎಎಸ್ ಕನಸು ಕಟ್ಕೊಂಡು ಬಂದೋರು ಇದ್ರು, ಕನ್ನಡ ಮೀಡಿಯಂನಲ್ಲಿ ಓದ್ಬೋದು, ಫೀಸೂ ಕಮ್ಮಿ ಅಂತ ಬಂದೋರು ಇದ್ರು, ಬೇರೆ ಸೀಟ್ ಸಿಗ್ಲಿಲ್ಲ ಅಂತ ಬಂದೋರೂ ಇದ್ರು. ಆದ್ರೆ ಒಳ್ಳೆ ಮಾರ್ಕ್ಸ್ ತೆಗೆದು, ಮನೇಲಿ ಬೇಡ ಅಂದ್ರೂ ಹಟ ಮಾಡಿ ಬರೋ ಮಕ್ಳ ವಿಷ್ಯ ಬೇರೆ. ಅವಕ್ಕೆ ಎಲ್ಲೋ ಒಂದು ಪ್ರಶ್ನೆ ಹತ್ತಿರುತ್ತೆ. ಊರ ಬಾಗಿಲಲ್ಲಿರೋ ವೀರಗಲ್ಲು ಯಾರ್ದು, ನಮ್ಮೂರಿಗೆ ಈ ಹೆಸರು ಯಾಕೆ ಬಂತು, ನಮ್ಮಜ್ಜಿ ಕಾಲದಲ್ಲಿ ಈ ಗದ್ದೆ ಎಲ್ಲ ಹೊಲ ಆಗಿತ್ತಂತಲ್ಲ, ಯಾವಾಗ ಬದಲಾಯ್ತು, ಇಂಥವು. ನಿಮ್ಮ ಮಗಳಿಗೆ ಯಾವ ಪ್ರಶ್ನೆ ಹತ್ತಿದೆ ಅಂತ ಒಂದ್ಸಲ ಕೂರಿಸ್ಕೊಂಡು ಕೇಳಿ ನೋಡಿ.

ಸತ್ತೋದ ರಾಜ್ರ ಕತೆ ಅಂದ್ರಿ. ನಿಮ್ಮ ತಾಲ್ಲೂಕಲ್ಲೇ ಆತಕೂರು ಇದೆ. ಅಲ್ಲಿ ಸಿಕ್ಕಿದ ಹತ್ತನೇ ಶತಮಾನದ ಕಲ್ಲಲ್ಲಿ ಕೆತ್ತಿರೋದು ಒಂದು ನಾಯಿ ಕಾಡುಹಂದಿ ಮೇಲೆ ಬಿದ್ದಿರೋದನ್ನ! ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನೋ ವೀರ ಚೆನ್ನಾಗಿ ಹೋರಾಡ್ದ ಅಂತ ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದ್ರೆ ಅವನು ಕೇಳಿದ್ದು ಕಾಳಿ ಅನ್ನೋ ನಾಯಿ, ಆಮೇಲೆ ಆ ಕಾಳಿ ಹಂದಿ ಜೊತೆ ಕಾದಾಡಿ, ಹಂದೀನೂ ಸತ್ತು ತಾನೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಅಂತ ಭೂಮಿ ಬಿಟ್ರು. ಅದೇ ಕಲ್ಲಲ್ಲಿ ಆ ಯುದ್ಧದಲ್ಲಿ ರಾಷ್ಟ್ರಕೂಟರು ಚೋಳರ ರಾಜಾದಿತ್ಯನನ್ನ ಸೋಲಿಸಿದ ಸುದ್ದಿನೂ ಇದೆ. ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಮಗಳನ್ನ ಕರ್ಕೊಂಡು ಹೋಗಿ ನೋಡ್ಬನ್ನಿ.

ಆ ಕಲ್ಲಿನ ಮಾತು ಪುಸ್ತಕಕ್ಕೆ ಹೆಂಗೆ ಬರುತ್ತೆ ಅಂತ ನೋಡಿದ್ರೆ ಈ ಓದಿನ ರುಚಿ ಗೊತ್ತಾಗುತ್ತೆ. ಮೊದ್ಲು ಬ್ರಷ್ ಹಿಡಿದು ನೀರು ಹಾಕಿ ಕಲ್ಲಿನ ಪಾಚಿ, ಮಣ್ಣು ಎಲ್ಲ ಉಜ್ಜಬೇಕು, ಆಮೇಲೆ ಒದ್ದೆ ಕಾಗದ ಮೆತ್ತಿ ಅಕ್ಷರದ ಗುಳಿ ಒಳಗೆ ಕಾಗದ ಕೂರೋ ತನಕ ಬ್ರಷ್‌ನಲ್ಲಿ ಬಡೀಬೇಕು, ಜೋರಾದ್ರೆ ಹರಿಯುತ್ತೆ, ಮೆತ್ತಗಾದ್ರೆ ಅಕ್ಷರ ಏಳಲ್ಲ, ಅದು ಒಣಗ್ತಾ ಬಂದಾಗ ಬಟ್ಟೆ ಉಂಡೆಗೆ ಮಸಿ ಹಚ್ಚಿ ಮೇಲೆ ಒತ್ತುತಾ ಹೋದ್ರೆ ಸುತ್ತ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಎದ್ದು ಬರ್ತವೆ. ಇದಕ್ಕೆ ಪಡಿಯಚ್ಚು ಅಂತಾರೆ. ಸಾವಿರ ವರ್ಷದ ಹಿಂದೆ ಕೆತ್ತಿದ ಅಕ್ಷರ ಹಿಂಗೆ ಕಣ್ಮುಂದೆ ಏಳುವಾಗ ಹುಡುಗ್ರ ಮುಖ ನೋಡ್ಬೇಕು ನೀವು, ನಂಗಂತೂ ಅದಕ್ಕಿಂತ ದೊಡ್ಡ ಖುಷಿ ಇಲ್ಲ. ಶಾಸನ ಓದೋದಕ್ಕಂತಲೇ ಇರೋ ಕೇಂದ್ರ ಪುರಾತತ್ವ ಇಲಾಖೆಯ ಆಫೀಸು ಮೈಸೂರಲ್ಲೇ ಇದೆ, ಹಲ್ಮಿಡಿ ಶಾಸನ ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಅವ್ರು ಮೈಸೂರು ವಿಶ್ವವಿದ್ಯಾಲಯದಲ್ಲೇ ಹಿಸ್ಟರಿ ಪಾಠ ಮಾಡಿದೋರು, ಹಂಗಾಗಿ ಈ ಓದಿಗೆ ಮೈಸೂರು ಸರಿಯಾದ ಜಾಗಾನೇ.

ಇನ್ನೊಂದು, ಇದು ನಿಮ್ಮ ಗದ್ದೆ ವಿಷ್ಯ. ಕಾವೇರಿ ಗಲಾಟೆ ಆದಾಗೆಲ್ಲ 1892ರ ಒಪ್ಪಂದ, 1924ರ ಒಪ್ಪಂದ ಅಂತ ಟೀವಿಲಿ ಹೇಳ್ತಾರಲ್ಲ, ಅವು ಮೈಸೂರು ಸಂಸ್ಥಾನಕ್ಕೂ ಮದ್ರಾಸಿಗೂ ಆದ ಕಾಗದಗಳು. 1924ರದ್ರಲ್ಲಿ ಕೆಲವು ಅಂಶಗಳನ್ನ 50 ವರ್ಷ ಆದ್ಮೇಲೆ ಮತ್ತೆ ನೋಡ್ಬೇಕು ಅಂತ ಇತ್ತು, ಅದರ ಮೇಲೇನೇ ಎಷ್ಟೋ ವರ್ಷ ವಾದ ನಡೀತು. 2018ರಲ್ಲಿ ಸುಪ್ರೀಂ ಕೋರ್ಟು ನಮಗೆ 14.75 ಟಿಎಂಸಿ ಜಾಸ್ತಿ ಕೊಟ್ಟ ತೀರ್ಪನ್ನ ತೆಗೆದು ನೋಡಿ, ಈ ಹಳೇ ಕಾಗದಗಳ ಚರ್ಚೆನೇ ಪುಟಗಟ್ಟಲೆ ಇದೆ. ಯಾರು ಬರೆದ್ರು, ಯಾವಾಗ, ಯಾರ ಒತ್ತಡದಲ್ಲಿ, ಇನ್ನೊಂದು ಕಡೆಯೋರು ಏನಂತಾರೆ, ಇಷ್ಟನ್ನೂ ಕೇಳಿ ಆಮೇಲೆ ನಂಬೋದನ್ನ ನಿಮ್ಮ ಮಗಳು ಕಲೀತಾಳೆ. ವಾಟ್ಸಾಪ್‌ನಲ್ಲಿ ಟಿಪ್ಪು ಬಗ್ಗೆ, ಒಡೆಯರ ಬಗ್ಗೆ ಬಂದಿದ್ದೆಲ್ಲ ಜನ ಫಾರ್ವರ್ಡ್ ಮಾಡ್ತಾ ಇರೋ ಈ ಕಾಲದಲ್ಲಿ ಹಿಂಗೆ ಕೇಳೋರು ಊರಿಗೊಬ್ರಾದ್ರೂ ಬೇಕು ಅಂತ ನಾನು ಮನಸಾರೆ ನಂಬಿದ್ದೀನಿ. ಕಳ್ಸಿ ಯಜಮಾನ್ರೇ. ಜೊತೆಗೆ ಕಂಪ್ಯೂಟರ್ರು, ಇಂಗ್ಲಿಷು ಎರಡನ್ನೂ ಬಿಡ್ಬೇಡ ಅಂತ ಹೇಳಿ.

ಪ್ರಶ್ನೆ: ಸರ್, ನಾನು ಮೈಸೂರಲ್ಲಿ ಬಿಎ ಮೂರನೇ ಸೆಮ್. ಬೇರೆ ಸೀಟ್ ಸಿಗದೆ ಹಿಸ್ಟರಿ ತಗೊಂಡೆ. ನೋಟ್ಸ್ ಬಾಯಿಪಾಠ ಮಾಡಿ ಸಾಕಾಗಿದೆ, ಬಿಟ್ಬಿಡ್ಲಾ?
– ವಿದ್ಯಾರ್ಥಿ, ಮೈಸೂರು

ಉತ್ತರ: ಬಿಡ್ಬೇಡಪ್ಪ, ಒಂದು ರಜೆ ತಡಿ. ಊರಿಗೆ ಹೋದಾಗ ಟ್ರಂಕಿನಲ್ಲಿರೋ ಹಳೇ ಕ್ರಯಪತ್ರ, ಪಹಣಿ ಎಲ್ಲ ತೆಗಿ, ಅಜ್ಜಿ ಇದ್ರೆ ಪಕ್ಕದಲ್ಲಿ ಕೂತ್ಕೊ, ನಾಲೆ ನೀರು ಬರೋ ಮುಂಚೆ ಏನು ಬೆಳೀತಿದ್ರು, ಯಾರಿಗೆ ಗುತ್ತಿಗೆ ಕೊಟ್ಟಿದ್ರು ಅಂತ ಕೇಳಿ ಬರ್ಕೊ. ಅಜ್ಜಿ ಹೇಳಿದ್ದಕ್ಕೂ ಪತ್ರದಲ್ಲಿರೋದಕ್ಕೂ ಎಲ್ಲಾದ್ರೂ ತಾಳೆ ಆಗಲ್ಲ ನೋಡು, ಅಲ್ಲಿಂದ ಹಿಡ್ಕೊ, ಯಾಕೆ ಹಿಂಗಾಯ್ತು ಅಂತ ಹುಡುಕು, ಹಳೇ ಗೆಜೆಟಿಯರ್ (ಜಿಲ್ಲೆ ವಿವರ ಇರೋ ಸರ್ಕಾರಿ ಪುಸ್ತಕ) ತೆಗೆದು ನೋಡು, ನಿಮ್ಮ ಮೇಷ್ಟ್ರ ಹತ್ರ ಹೋಗಿ ಕೇಳು. ಅದಾದ್ಮೇಲೂ ಬೇಜಾರೇ ಅನ್ಸಿದ್ರೆ ಡಿಗ್ರಿ ಮುಗ್ಸಿ ಬೇರೆ ದಾರಿ ನೋಡು, ಯಾರೂ ಬೈಯಲ್ಲ.

ಪ್ರಶ್ನೆ: ಹಿಸ್ಟರಿ ಎಂಎಗೆ ಹಳಗನ್ನಡ ಬರ್ಲೇಬೇಕಾ ಮೇಡಂ/ಸರ್?
– ಓದುಗರು, ಪಾಂಡವಪುರ

ಉತ್ತರ: ಎಂಎ ಪಾಸಾಗೋಕೆ ಬೇಡ. ಆದ್ರೆ ಗಂಗರು, ಹೊಯ್ಸಳರ ಮೇಲೆ ಮುಂದೆ ಪಿಎಚ್‌ಡಿ ಮಾಡೋ ಆಸೆ ಇದ್ರೆ ಹಳಗನ್ನಡ, ಹಳೇ ಲಿಪಿ, ಸ್ವಲ್ಪ ಸಂಸ್ಕೃತ ಈಗಲೇ ಶುರು ಮಾಡಿ. ಟಿಪ್ಪು, ಹೈದರ್ ಕಾಲಕ್ಕೆ ಹೋಗೋರಿಗೆ ಪರ್ಷಿಯನ್ ಬೇಕಾಗುತ್ತೆ. ಕನ್ನಂಬಾಡಿ ಕಟ್ಟೆ, ಶಿವಪುರದ ಧ್ವಜ ಸತ್ಯಾಗ್ರಹ ಇಂಥ ವಿಷ್ಯ ಆದ್ರೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಳೇ ಪೇಪರ್ರು, ಸರ್ಕಾರಿ ಫೈಲು ಓದೋ ತಾಳ್ಮೆ ಇದ್ರೆ ಸಾಕು.