ಮಂಡಿಗೆ ಔಷಧರಹಿತ ಜೆಲ್: ತಿಕ್ಕಬೇಡಿ, ಒಣಗಲು ಬಿಡಿ

ನಿಮ್ಮ ತಾಯಿಗೆ ನೋವಿನ ಮಾತ್ರೆ ಹೊಟ್ಟೆಗೆ ಆಗುವುದಿಲ್ಲ, ಹತ್ತು ದಿನದಿಂದ ಔಷಧರಹಿತ ಜೆಲ್ ಚೆನ್ನಾಗಿ ತಿಕ್ಕಿ ಹಚ್ಚುತ್ತಿದ್ದರೂ ಮಂಡಿ ಬಿಗಿತ ಹೋಗಿಲ್ಲ ಎಂದು ಕೇಳಿದ್ದೀರಿ. ಆ ತಿಕ್ಕುವುದರಲ್ಲೇ ಎಡವಟ್ಟಾಗಿರಬಹುದು. ಯಾವ ಬಗೆಯ ಜೆಲ್ ಅಂತ ಡಬ್ಬಿ ನೋಡಿ. ಮೆಂಥಾಲ್ ಇದ್ದರೆ ತಂಪು ಮಾಡಿ ನೋವು ಮರೆಸುತ್ತದೆ ಅಷ್ಟೆ, ಅದನ್ನು ತಿಕ್ಕಬಹುದು. ಫಾಸ್ಫೋಲಿಪಿಡ್ (ಒಂದು ಬಗೆಯ ಕೊಬ್ಬು) ಕಣಗಳಿರುವುದಾದರೆ ಮಂಡಿಯ ಸುತ್ತ, ಹಿಂಬದಿಗೂ ತೆಳುವಾಗಿ ಸವರಿ ಸುಮ್ಮನೆ ಬಿಡಬೇಕು. ಒಣಗುತ್ತಾ ಹೋದಂತೆ ಆ ಕಣಗಳು ನೀರಿನಂಶ ಹುಡುಕಿಕೊಂಡು ಚರ್ಮದೊಳಗೆ ಇಳಿಯುತ್ತವೆ ಎಂಬುದು ಅದರ ಹಿಂದಿನ ತರ್ಕ. ಸೀರೆ ತಾಗಿದರೆ ಅರ್ಧ ಜೆಲ್ ಬಟ್ಟೆಗೇ! ಪೂರ್ತಿ ಒಣಗುವವರೆಗೆ ಕಾಲು ಚಾಚಿ ಕೂರಲಿ. ಸಾಮಾನ್ಯವಾಗಿ ದಿನಕ್ಕೆ 2 ಸಲ.

ಹತ್ತು ದಿನಕ್ಕೇ ಕೈಬಿಡಬೇಡಿ, ಕೆಲವು ವಾರ ನೋಡಿ. ಆದರೆ ಸವೆದ ಮೃದ್ವಸ್ಥಿ ಇದರಿಂದ ಮತ್ತೆ ಬೆಳೆಯುವುದಿಲ್ಲ. ನನ್ನ ಕೇಳಿದರೆ, ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ತೊಡೆ ಬಿಗಿಹಿಡಿಯುವ ವ್ಯಾಯಾಮಕ್ಕೆ ಜೆಲ್‌ಗಿಂತ ಹೆಚ್ಚು ಅಂಕ ಕೊಡುತ್ತೇನೆ.

ಗಾಯ, ತುರಿಕೆ ಇರುವ ಕಡೆ ಹಚ್ಚಬೇಡಿ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರವೂ ಬಂದರೆ ಜೆಲ್ ಪಕ್ಕಕ್ಕಿಟ್ಟು ಅವತ್ತೇ ವೈದ್ಯರಿಗೆ ತೋರಿಸಿ.