ಮನೆಯಲ್ಲಿ ಮಾಡಿದ ಕಾರ್ನ್ ಸೂಪ್ ನೀರು ನೀರಾಗುತ್ತದೆ, ಏನು ಮಾಡಬೇಕು?

ಕಾಳನ್ನೆಲ್ಲ ಇಡಿಯಾಗಿಯೇ ಬೇಯಿಸುತ್ತಿದ್ದೀರಿ, ಅಲ್ವಾ? ಸಿಪ್ಪೆ ಒಡೆಯದೆ ಒಳಗಿನ ಹಾಲು ಹೊರಗೆ ಬರುವುದಿಲ್ಲ. 2 ಸ್ವೀಟ್ ಕಾರ್ನ್ ತೆನೆಯ ಕಾಳು ಬಿಡಿಸಿ, ಅರ್ಧದಷ್ಟನ್ನು ನುಣ್ಣಗೆ ರುಬ್ಬಿಕೊಳ್ಳಿ.

ದಿಂಡನ್ನು ಮಾತ್ರ ಎಸೆಯಬೇಡಿ. ಚಾಕುವಿನ ಬೆನ್ನಿನಿಂದ ಒತ್ತಿ ಕೆರೆದರೆ ಇನ್ನಷ್ಟು ಹಾಲು ಸಿಗುತ್ತದೆ, ಆಮೇಲೆ ಅದೇ ದಿಂಡನ್ನು ಮುರಿದು 4 ಕಪ್ ನೀರಿನಲ್ಲಿ 15 ನಿಮಿಷ ಕುದಿಸಿ ತೆಗೆದರೆ ಆ ನೀರಿನ ರುಚಿಯೇ ಬೇರೆ, ಸೂಪ್ ಪುಡಿ ಏನೂ ಬೇಕಾಗುವುದಿಲ್ಲ.

ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, 2 ಎಸಳು ಬೆಳ್ಳುಳ್ಳಿ ಬಾಡಿಸಿ. ಕೆಂಪಾಗುವುದು ಬೇಡ, ಸೂಪಿನ ಬಣ್ಣ ಕೆಡುತ್ತದೆ. ಇಡೀ ಕಾಳು, ರುಬ್ಬಿದ್ದು, ದಿಂಡಿನ ನೀರು ಎಲ್ಲ ಹಾಕಿ 10 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ.

ಇನ್ನೂ ತೆಳುವಾಗಿದ್ದರೆ ಒಂದು ಚಮಚ ಕಾರ್ನ್ ಫ್ಲೋರ್ ಸಾಕು. ಅದನ್ನು ತಣ್ಣೀರಿನಲ್ಲೇ ಕಲಸಿ ಹಾಕಿ. ನಾನು ಒಮ್ಮೆ ಸೋಮಾರಿತನದಿಂದ ಪುಡಿಯನ್ನು ಸುಮ್ನೆ ಕುದಿಯುವ ಸೂಪಿಗೇ ಉದುರಿಸಿದ್ದೆ. ಹೊರಗೆ ಅಂಟು, ಒಳಗೆ ಒಣ ಹಿಟ್ಟು, ಬರೀ ಗಂಟು! ಕೊನೆಗೆ ಸೋಸಬೇಕಾಯಿತು. ಹಾಕಿದ ಮೇಲೆ ಒಂದೆರಡು ನಿಮಿಷ ಕುದಿಯಲಿ, ಹಸಿ ವಾಸನೆ ಹೋಗುತ್ತದೆ.

ಉಪ್ಪು, ಕಾಳುಮೆಣಸಿನ ಪುಡಿ ಕೊನೆಗೆ. ಆರಿದರೆ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಸ್ವಲ್ಪ ತೆಳುವಿರುವಾಗಲೇ ಇಳಿಸಿ.